ಒಲೆಯಿಂದ ಎಲೆಗೆ ಎಷ್ಟು ಹೊತ್ತು?



ನಮ್ಮ ಮಂಗಳೂರಿನಲ್ಲಿ ಆದಿತ್ಯವಾರದ ಊಟದ ಕ್ರಮ ಬದಲಾಗುತ್ತಾ ಉಂಟು. ಬೆಳಗ್ಗಿನ ತಿಂಡಿ ಬಿಟ್ಟು, ಹನ್ನೊಂದು ಗಂಟೆಯ ಮೇಲೆ ಮನೆಮಂದಿಯೆಲ್ಲ ರೆಸ್ಟೋರೆಂಟಿಗೆ ಹೋಗಿ ತಿಂಡಿಯನ್ನೂ ಊಟವನ್ನೂ ಒಟ್ಟಿಗೆ ಮುಗಿಸುವುದು. ಇದಕ್ಕೆ ಬ್ರಂಚ್ ಎನ್ನುತ್ತಾರೆ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ಇದರ ಪರವಾಗಿ ವಾದ ಮಾಡಿ ಬರೆದಿದ್ದ. ಆದಿತ್ಯವಾರ ತಡವಾಗಿ ಏಳಬಹುದು, ನಾಲ್ಕು ಜನ ಕೂತು ಮಾತಾಡುತ್ತಾ ಉಣ್ಣಬಹುದು ಎಂಬುದು ಅವನ ಮಾತಿನ ಸಾರ. ಅದರಲ್ಲಿ ತಪ್ಪೇನೂ ಇಲ್ಲ. ವಾರವಿಡೀ ದುಡಿದವರಿಗೆ ಅಂಥ ಒಂದು ಹೊತ್ತು ಬೇಕು.

ಇವತ್ತು ನಾನು ಹೇಳಹೊರಟದ್ದು ಒಂದೇ ವಿಷಯ. ಒಲೆಯ ಮೇಲೆ ಆದ ಅಡಿಗೆ ಉಣ್ಣುವವರ ಎಲೆಗೆ ಬರುವಾಗ ಎಷ್ಟು ಹೊತ್ತು ಕಳೆದಿರುತ್ತದೆ ಎಂಬುದು. ನಮ್ಮ ಕರಾವಳಿಯ ಅರ್ಧಕ್ಕರ್ಧ ತಿಂಡಿಗಳ ರುಚಿ ನಿಂತಿರುವುದು ಈ ಹೊತ್ತಿನ ಮೇಲೆ. ಇದನ್ನು ಮರೆತ ಒಂದು ಚಂದದ ರೆಸ್ಟೋರೆಂಟಿನಲ್ಲಿ ಕೂತು ಬಂದ ಮೇಲೆ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಹೆಸರು ಹೇಳುವುದಿಲ್ಲ. ಹೆಸರು ಮುಖ್ಯವೂ ಅಲ್ಲ.

ಅದು ಜುಲೈ ತಿಂಗಳ ಕೊನೆ. ತುಳುವಿನ ಆಟಿ ತಿಂಗಳು ಹಿಡಿದಿತ್ತು. ಹೊರಗೆ ಜಡಿಮಳೆ. ಮುಂಬೈಯಿಂದ ಅಕ್ಕ, ಭಾವ, ಅವರ ಮಗಳು ಬಂದಿದ್ದರು. ನಮ್ಮ ದೊಡ್ಡಮ್ಮ ಇದ್ದರು. ವರ್ಷಕ್ಕೊಮ್ಮೆ ಊರಿಗೆ ಬರುವವರಿಗೆ ನೀರುದೋಸೆ, ಕೋರಿ ರೊಟ್ಟಿ, ಪತ್ರೊಡೆಯ ಆಸೆ ಎಷ್ಟಿರುತ್ತದೆ ಎಂದು ನಿಮಗೆ ಗೊತ್ತು. ಆ ರೆಸ್ಟೋರೆಂಟಿನಲ್ಲಿ ಆಟಿಯ ವಿಶೇಷ ಬ್ರಂಚ್ ಎಂದು ಫಲಕ ಹಾಕಿದ್ದರು. ತಲೆಗೆ ಸುಮಾರು ಒಂಬೈನೂರು ರೂಪಾಯಿ. ಹೋದೆವು.

ಜಾಗ ಹೇಗಿತ್ತು ಎಂದು ಹೇಳಬೇಕು. ನಮ್ಮ ಕಡೆಯ ಹಳೆಯ ಹಂಚಿನ ಮನೆಯೊಂದನ್ನು ರಿಪೇರಿ ಮಾಡಿ ರೆಸ್ಟೋರೆಂಟ್ ಮಾಡಿದ್ದರು. ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ನೇತ್ರಾವತಿಯ ದಡದ ಮಣ್ಣಿನ ಹಂಚು ಎಲ್ಲೆಲ್ಲಿಗೋ ಹೋಯಿತು. ಅಂಥ ಹಂಚಿನ ಮಾಡು, ಅದರ ಕೆಳಗೆ ಎಣ್ಣೆ ಉಜ್ಜಿದ ಕರಿಯ ಮರದ ಪಕಾಸು, ಕೆಂಪು ಕಾವಿಯ ನೆಲ, ಜಗಲಿಯಲ್ಲಿ ತೂಗುಮಂಚ. ಒಂದು ಕಂಚಿನ ಉರುಳಿಯಲ್ಲಿ ನೀರು ತುಂಬಿ ದಾಸವಾಳ ತೇಲಿಬಿಟ್ಟಿದ್ದರು. ಮಳೆಯ ನೀರು ಅಂಗಳಕ್ಕೆ ಬೀಳುವ ಸದ್ದು ಕೇಳುತ್ತಿತ್ತು. ನಿಜವಾಗಿಯೂ ಮನಸ್ಸಿಗೆ ಹಿತವಾಯಿತು. ಹಳೆಯ ಮನೆಯನ್ನು ಕೆಡವದೆ ಉಳಿಸಿದವರಿಗೆ ಅದಕ್ಕಾಗಿ ಒಂದು ನಮಸ್ಕಾರ ಸಲ್ಲಬೇಕು.

ಕೈತೊಳೆಯಲು ಒಳಗೆ ಹೋದಾಗ ದೊಡ್ಡಮ್ಮ ನಿಂತು ನೋಡಿದರು. ಮನೆಯ ಹಳೆಯ ಅಡಿಗೆಕೋಣೆ ಎಲ್ಲಿತ್ತು ಎಂದು ಅವರಿಗೆ ಗೋಡೆ ನೋಡಿದರೇ ತಿಳಿಯಿತು. ಹೊಗೆ ಹೋಗುವ ಕಿಂಡಿ ಇನ್ನೂ ಹಾಗೇ ಇತ್ತು. ಅದರ ಕೆಳಗೆ ಈಗ ಫೋಟೊ ತೆಗೆಸಿಕೊಳ್ಳುವ ಒಂದು ಮೂಲೆ. ಒಂದು ಕಡೆಯುವ ಕಲ್ಲು ಇಟ್ಟು ಅದಕ್ಕೂ ಹೂವು ಮುಡಿಸಿದ್ದರು. ಹಾಗಾದರೆ ಅಡಿಗೆ ಎಲ್ಲಿ ಆಗುತ್ತದೆ? ಕೇಳಿದೆವು. ನಗರದ ಹೊರಗೆ ಅವರದೇ ದೊಡ್ಡ ಅಡಿಗೆಮನೆ ಉಂಟಂತೆ. ಅಲ್ಲಿ ಬೆಳಗ್ಗೆ ಆಗಿ, ವ್ಯಾನಿನಲ್ಲಿ ಇಲ್ಲಿಗೆ ಬರುತ್ತದಂತೆ. ಇಲ್ಲಿ ಬಿಸಿಯಾಗಿ ಇಡುತ್ತಾರೆ, ಅಷ್ಟೆ.

ಕೇಳುಗರೇ, ಆ ಒಂದು ಉತ್ತರದಲ್ಲಿ ಮುಂದಿನದ್ದೆಲ್ಲ ಇತ್ತು.

ಮೇಜಿನುದ್ದಕ್ಕೂ ಮುಚ್ಚಳದ ಸ್ಟೀಲಿನ ಪಾತ್ರೆಗಳು. ಒಳಗೆ ಬಿಸಿನೀರು, ಕೆಳಗೆ ಸಣ್ಣ ದೀಪ. ಸುಮಾರು ನಲವತ್ತು ಬಗೆ. ಭಾವ ನೇರ ನೀರುದೋಸೆಯ ಪಾತ್ರೆಯ ಮುಚ್ಚಳ ತೆಗೆದರು. ಮುಚ್ಚಳದ ಒಳಮೈಯಲ್ಲಿ ಕಟ್ಟಿದ ಹಬೆಯ ನೀರು ಸಾಲಾಗಿ ದೋಸೆಯ ಮೇಲೆ ಬಿತ್ತು. ನಾಲ್ಕು ಮಡಿಕೆಯ ದೋಸೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇಕ್ಕುಳದಿಂದ ಎತ್ತಿದರೆ ಒಂದು ಬರಲಿಲ್ಲ, ಐದಾರು ಒಟ್ಟಿಗೆ ಒಂದು ಮುದ್ದೆಯಾಗಿ ಬಂತು. ಪಾತ್ರೆಯ ಅಂಚಿಗೆ ತಾಗಿದ್ದು ಒಣಗಿ ಗಡುಸಾಗಿತ್ತು. ನಡುವಿನದ್ದು ಒದ್ದೆ. ದೊಡ್ಡಮ್ಮ ಒಂದು ತುಂಡು ಬಾಯಿಗಿಟ್ಟು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಮಗಾ, ಇದು ಎರೆದು ಎರಡು ಗಂಟೆಯ ಮೇಲಾಗಿದೆ."

ಮ್ಯಾನೇಜರ್ ಒಳ್ಳೆಯ ಹುಡುಗ. ನಮ್ಮ ಮುಖ ನೋಡಿ ಓಡಿ ಬಂದ. "ಮೇಡಂ, ಬೇಕಾದ್ರೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಸಿ ಕೊಡ್ತೇವೆ" ಎಂದ. ಅವನು ಮನಸ್ಸಿನಿಂದಲೇ ಹೇಳಿದ. ಆದರೆ ಅವನ ಕೈಯಲ್ಲಿ ಕಾವಲಿಯೂ ಇರಲಿಲ್ಲ, ಹಿಟ್ಟೂ ಇರಲಿಲ್ಲ. ಬಡಿಸುತ್ತಿದ್ದ ಸಪ್ಲಾಯರ್ ಅಸ್ಸಾಮಿನವ. ಅವನಿಗೆ ನೀರುದೋಸೆ ಹೇಗಿರಬೇಕು ಎಂದು ಯಾರೂ ತಿನ್ನಿಸಿ ತೋರಿಸಿರಲಿಕ್ಕಿಲ್ಲ. ಅವರಿಬ್ಬರ ಮೇಲೆ ನನ್ನದೇನೂ ದೂರಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಮನೆ ಚಂದ, ಅಡಿಗೆಮನೆ ದೂರ, ದೋಸೆ ಹಾಳು. ಈಗ, ಹೊತ್ತು ಕಳೆದರೆ ದೋಸೆ ಯಾಕೆ ಹಾಳಾಗುತ್ತದೆ ಎಂದು ನೋಡೋಣ.

ನೀರುದೋಸೆಯ ಹಿಟ್ಟು ನಿಮಗೆ ಗೊತ್ತೇ ಇದೆ. ನೆನೆಹಾಕಿದ ಬೆಳ್ತಿಗೆ ಅಕ್ಕಿ, ಬೇಕಾದರೆ ಒಂದು ಹಿಡಿ ತೆಂಗಿನತುರಿ, ಉಪ್ಪು, ನೀರು. ಉದ್ದಿಲ್ಲ, ಹುಳಿ ಬರಿಸುವುದಿಲ್ಲ. ಹಿಟ್ಟು ಹಾಲಿನಷ್ಟು ತೆಳ್ಳಗೆ. ಕಾದ ಕಾವಲಿಗೆ ಎರೆದಾಗ ಚೊಂಯ್ ಎಂದು ಸದ್ದು, ತೂತು ತೂತಾಗಿ ಹರಡುತ್ತದೆ. ಮುಚ್ಚಿಟ್ಟು ಒಂದು ನಿಮಿಷ. ಮಗುಚುವ ಕ್ರಮ ಇಲ್ಲ. ಮಡಚಿ ಎಲೆಗೆ ಹಾಕಿದ ಕೂಡಲೇ ತಿನ್ನಬೇಕು. ಬಿಸಿ ಇರುವಾಗ ಅಕ್ಕಿಯ ಪಿಷ್ಟ ಮೆತ್ತಗೆ, ನೀರು ಹೀರಿಕೊಂಡು ಉಬ್ಬಿರುತ್ತದೆ. ತಣಿಯುತ್ತಾ ಬಂದ ಹಾಗೆ ಅದೇ ಪಿಷ್ಟ ಬಿಗಿಯುತ್ತದೆ, ನೀರು ಬಿಡುತ್ತದೆ. ಉದ್ದು ಹಾಕಿ ಹುದುಗು ಬರಿಸಿದ ದೋಸೆ ಸ್ವಲ್ಪ ತಾಳಿಕೊಂಡೀತು. ನೀರುದೋಸೆಗೆ ಆ ಆಸರೆ ಇಲ್ಲ. ಮನೆಯಲ್ಲಿ ಅಮ್ಮಂದಿರು ಒಲೆಯ ಹತ್ತಿರ ನಿಂತು ಒಂದೊಂದೇ ಎರೆದು ಹಾಕುತ್ತಿದ್ದದ್ದು, ತಾವು ಕೊನೆಗೆ ಕೂರುತ್ತಿದ್ದದ್ದು ಇದಕ್ಕೇ. ಆ ಕಷ್ಟ ಮನೆಯ ಹೆಂಗಸರ ಮೇಲೆ ಮಾತ್ರ ಬೀಳಬಾರದು ಎಂದೇ ನಾವು ಹೋಟೇಲಿಗೆ ಹೋಗುವುದು. ಹಣ ಕೊಡುವುದು ಒಲೆಯ ಹತ್ತಿರ ನಿಲ್ಲುವ ಆ ಕೆಲಸಕ್ಕೆ.

ಗೋಳಿಬಜೆಯದ್ದೂ ಹಾಗೇ. ಮೈದಾ, ಹುಳಿಮೊಸರು, ಶುಂಠಿ, ಹಸಿಮೆಣಸು, ಕಾಯಿಚೂರು, ಚಿಟಿಕೆ ಸೋಡಾ. ಬಾಣಲೆಯಿಂದ ಇಳಿದಾಗ ಹೊರಗೆ ಗರಿ, ಒಳಗೆ ಜಾಳು ಜಾಳು. ಕಾಲು ಗಂಟೆ ಮುಚ್ಚಿಟ್ಟರೆ ಒಳಗಿನ ತೇವ ಹೊರಗಿನ ಗರಿಗೆ ಬಂದು ರಬ್ಬರಿನ ಹಾಗೆ ಎಳೆಯುತ್ತದೆ. ರಥಬೀದಿ, ಹಂಪನಕಟ್ಟೆಯ ಹಳೆಯ ಹೋಟೇಲುಗಳ ಗಿರಾಕಿಗಳಿಗೆ ಬಜೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಗೊತ್ತಿರುತ್ತದೆ. ಆ ಹೊತ್ತಿಗೆ ಹೋಗಿ ಕೂರುತ್ತಾರೆ.

ಆದರೆ ಅವತ್ತು ನನಗೆ ಅತಿ ಹೆಚ್ಚು ನೋವಾದದ್ದು ಕೋರಿ ರೊಟ್ಟಿ ನೋಡಿ. ಕೋರಿ ರೊಟ್ಟಿ ತಿನ್ನುವ ಕ್ರಮವೇ ಬೇರೆ. ಒಣಗಿಸಿದ ಅಕ್ಕಿರೊಟ್ಟಿ, ಕಾಗದದಷ್ಟು ತೆಳು. ಬಟ್ಟಲಿಗೆ ಮುರಿದು ಹಾಕುವಾಗ ಚಟಚಟ ಸದ್ದು ಕೇಳಬೇಕು. ಅದರ ಮೇಲೆ ಬ್ಯಾಡಗಿ ಮೆಣಸು, ತೆಂಗಿನಹಾಲಿನ ಬಿಸಿ ಬಿಸಿ ಕೋಳಿಸಾರು. ಒಂದು ಪಾಲು ಮೆತ್ತಗಾಗಿ, ಇನ್ನೊಂದು ಪಾಲು ಇನ್ನೂ ಕುರುಕುಲು ಇರುವಾಗಲೇ ತಿನ್ನಬೇಕು. ಎಷ್ಟು ನೆನೆಯಬೇಕು ಎನ್ನುವುದು ತಿನ್ನುವವನ ಇಷ್ಟ. ಆ ರೆಸ್ಟೋರೆಂಟಿನಲ್ಲಿ ಸಾರು ಮೊದಲೇ ಹೊಯ್ದು ದೊಡ್ಡ ತಟ್ಟೆಯಲ್ಲಿ ಇಟ್ಟಿದ್ದರು. ಮೇಲೆ ಕೊತ್ತಂಬರಿಸೊಪ್ಪು, ಕೆನೆಯ ಒಂದು ಸುರುಳಿ. ಕೆಳಗೆ ರೊಟ್ಟಿ ಕರಗಿ ಅಂಬಲಿಯಾಗಿತ್ತು. ಅಕ್ಕನ ಮಗಳು ಮುಂಬೈಯಲ್ಲಿ ಹುಟ್ಟಿ ಬೆಳೆದವಳು. ಅವಳು ಕೇಳಿದಳು: "ಚಿಕ್ಕಮ್ಮಾ, ಅಮ್ಮ ಅಷ್ಟೆಲ್ಲ ಹೇಳ್ತಿದ್ದದ್ದು ಇದನ್ನಾ?"

ನನ್ನ ಬೇಸರಕ್ಕೆ ಕಾರಣ ಹೋದ ಹಣವಲ್ಲ. ನಮ್ಮ ಊರಿನ ಒಂದು ತಿಂಡಿಯನ್ನು ಮೊದಲ ಸಲ ತಿನ್ನುವವರು ಇಂಥಲ್ಲಿಯೇ ತಿನ್ನುತ್ತಾರೆ. ಪ್ರವಾಸಕ್ಕೆ ಬಂದವರು, ಕೆಲಸಕ್ಕೆ ಬಂದವರು, ಪರದೇಶದಿಂದ ಬಂದ ನಮ್ಮದೇ ಮಕ್ಕಳು. ಅವರು ಕೋರಿ ರೊಟ್ಟಿ ಎಂದರೆ ಇಷ್ಟೇ ಎಂದುಕೊಂಡು ಹೋಗುತ್ತಾರೆ.

ನೀರುದೋಸೆ, ಬಜೆ, ಸಾರು ಹೊಯ್ದ ರೊಟ್ಟಿ, ಈ ಮೂರನ್ನೂ ಕಾದಿಡಲಿಕ್ಕಾಗುವುದಿಲ್ಲ ಎಂದು ಹೇಳಿದೆ. ಇನ್ನು ಮೀನಿನ ವಿಷಯ, ಚುಟುಕಾಗಿ.

ನಮ್ಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ, ಹತ್ತಿರ ಹತ್ತಿರ ಅರವತ್ತು ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಬಂದರಿನಲ್ಲಿ ದೋಣಿಗಳೆಲ್ಲ ದಡ ಸೇರಿರುತ್ತವೆ. ನಾಡದೋಣಿಯವರು ತರುವ ಸ್ವಲ್ಪ ಮೀನು, ಹೊಳೆಮೀನು, ಒಣಮೀನು, ಇವೇ ಆಗಿನ ಆಧಾರ. ಆ ಜುಲೈಯಲ್ಲಿ ಆ ರೆಸ್ಟೋರೆಂಟಿನ ಹಲಗೆಯ ಮೇಲೆ "ಇಂದಿನ ತಾಜಾ ಅಂಜಲ್" ಎಂದು ಸೀಮೆಸುಣ್ಣದಲ್ಲಿ ಚಂದ ಅಕ್ಷರದಲ್ಲಿ ಬರೆದಿತ್ತು. ತುಂಡು ಬಾಯಿಗಿಟ್ಟರೆ ಹತ್ತಿಯ ಹಾಗೆ ಬಿಡಿಬಿಡಿ. ಐಸಿನಲ್ಲಿಟ್ಟ ಮೀನು ಬಡಿಸುವುದು ತಪ್ಪಲ್ಲ. ಅದನ್ನು ಇವತ್ತಿನದ್ದು ಎಂದು ಬರೆಯುವುದು ತಪ್ಪು. ಆಟಿಯ ಬ್ರಂಚ್ ಎಂದ ಮೇಲೆ ಒಣಮೀನಿನ ಚಟ್ನಿ ಇಡಬಹುದಿತ್ತು. ದೊಡ್ಡಮ್ಮ ಅದನ್ನು ಹುಡುಕಿದರು. ಇರಲಿಲ್ಲ.

ಇನ್ನು ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿ, ಮೆಣಸು, ಕೊತ್ತಂಬರಿ, ಹುಣಸೆಯ ಹಿಟ್ಟು ಹಚ್ಚಿ, ಒಂದರ ಮೇಲೊಂದು ಇಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಕೆಸುವಿನಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್ ಎಂಬವು. ಹುಳಿ ಕಡಿಮೆಯಾದರೆ, ಬೇಯುವುದು ಕಡಿಮೆಯಾದರೆ ಗಂಟಲು ತುರಿಸುತ್ತದೆ. ಅವತ್ತು ತುರಿಸಿತು. ಭಾವ ಎರಡು ಲೋಟ ಮಜ್ಜಿಗೆ ಕುಡಿದರು. ಒಲೆಯ ಮುಂದೆ ಇದ್ದವರು ಒಂದು ತುಂಡು ತಿಂದು ನೋಡಿದ್ದರೆ ಆ ಪತ್ರೊಡೆ ವ್ಯಾನು ಹತ್ತುತ್ತಿರಲಿಲ್ಲ.

ಆದರೆ ಪತ್ರೊಡೆಯ ವಿಷಯದಲ್ಲಿ ಒಂದು ಬೇರೆ ಮಾತೂ ಉಂಟು. ನೀರುದೋಸೆಗೆ ಹೊತ್ತು ಶತ್ರು ಎಂದೆ. ಪತ್ರೊಡೆಗೆ ಹಾಗಲ್ಲ. ಸರಿಯಾಗಿ ಬೆಂದ ಪತ್ರೊಡೆ ಮರುದಿನ ಇನ್ನೂ ರುಚಿ. ಬಿಲ್ಲೆ ಮಾಡಿ ತೆಂಗಿನೆಣ್ಣೆಯಲ್ಲಿ ಕಾಯಿಸಿದರೆ, ಇಲ್ಲವೇ ಬೆಲ್ಲ-ಕಾಯಿಯ ಒಗ್ಗರಣೆಯಲ್ಲಿ ಹುರಿದರೆ, ಬೇಡ ಎನ್ನುವವರಿಲ್ಲ. ನಮ್ಮಲ್ಲಿ ಕಾದು ಕೂರಬಲ್ಲ ತಿಂಡಿಗಳು ಬೇಕಾದಷ್ಟಿವೆ. ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಮುಂಡೇವಿನ ಎಲೆಯ ಮೂಡೆ. ಎಲೆಯೇ ಅವುಗಳ ತೇವ ಕಾಯುತ್ತದೆ. ಪುಂಡಿಯನ್ನು ಮಸಾಲೆಯಲ್ಲಿ ಹಾಕಿಟ್ಟರೆ ಹೊತ್ತು ಹೋದಷ್ಟೂ ಸಾರು ಹೀರಿ ರುಚಿಯಾಗುತ್ತದೆ. ಬಾಳೆಹಣ್ಣಿನ ಬನ್ಸ್ ಹಿಟ್ಟು ರಾತ್ರಿಯೇ ಕಲಸಿಡಬೇಕಾದದ್ದು. ಕಥೋಲಿಕ ಮನೆಗಳಲ್ಲಿ ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ ಸನ್ನದ ಜೊತೆ ತಿನ್ನುವ ಹಂದಿಮಾಂಸದ ಬಫಾತ್ ಹಿಂದಿನ ದಿನವೇ ಮಾಡಿಟ್ಟದ್ದಾದರೆ ಹೆಚ್ಚು ರುಚಿ ಎಂದು ಅವರೇ ಹೇಳುತ್ತಾರೆ. ಗದ್ದೆಯ ಕೆಲಸದವರು ಹತ್ತು ಗಂಟೆಗೆ ಉಣ್ಣುತ್ತಿದ್ದ ಕುಚ್ಚಲಕ್ಕಿಯ ಗಂಜಿ ಇದೆ. ಉಪ್ಪಿನಕಾಯಿ, ಹುರುಳಿ ಚಟ್ನಿ, ಸುಟ್ಟ ಒಣಮೀನು ಅದಕ್ಕೆ ಜೊತೆ. ತಿಂಡಿಗೂ ಊಟಕ್ಕೂ ನಡುವಿನ ಹೊತ್ತಿನ ಊಟ ತುಳುನಾಡಿಗೆ ಹೊಸತಲ್ಲ.

ಅಂದರೆ ಮಂಗಳೂರಿನಲ್ಲಿ ಒಳ್ಳೆಯ ಬ್ರಂಚ್ ಸಾಧ್ಯ. ಕಾಯಬಲ್ಲ ತಿಂಡಿಗಳನ್ನು ಪಾತ್ರೆಯಲ್ಲಿಡಿ. ಕಾಯಲಾರದವಕ್ಕೆ ಒಂದು ಒಲೆ, ಎರಡು ಕಾವಲಿ, ಒಂದು ಬಾಣಲೆ, ಇಬ್ಬರು ಕೈ ಪಳಗಿದವರು. ಜನರ ಎದುರೇ ಎರೆದು ಕೊಡಲಿ. ನಲವತ್ತು ಬಗೆ ಬೇಡ, ಹನ್ನೆರಡು ಸಾಕು. ಫೋಟೊಕ್ಕೆ ಅಲಂಕಾರ ಮಾಡಿಟ್ಟ ಆ ಹಳೆಯ ಅಡಿಗೆಕೋಣೆಯಲ್ಲೇ ಇದನ್ನು ಮಾಡಬಹುದಿತ್ತು. ಹೊಗೆಕಿಂಡಿ ಅಲ್ಲೇ ಇತ್ತಲ್ಲ!

ಇಷ್ಟು ತಿಂಡಿಯ ಮಾತಾಯಿತು. ಈಗ ಹೋಟೇಲು ನಡೆಸುವವರ ಮಾತು. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ, ಯಾಕೆಂದರೆ ದೇಶಕ್ಕೆ ಹೋಟೇಲು ನಡೆಸುವುದನ್ನು ಕಲಿಸಿದವರಲ್ಲಿ ನಮ್ಮ ಕರಾವಳಿಯವರು ಮುಂದಿನ ಸಾಲಿನಲ್ಲಿದ್ದಾರೆ. ಹಿಟ್ಟು ರುಬ್ಬುವ ಕೆಲಸದಿಂದ ಸುರು ಮಾಡಿದ ಕೆ. ಕೃಷ್ಣ ರಾಯರು ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ತೆರೆದ ಹೋಟೇಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಲ್ಲರ ಬಾಯಲ್ಲಿ ಎಂಟಿಆರ್, ಆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೇಲುಗಳನ್ನು ನೋಡಿ ಬಂದರು. ಬಂದವರು ಹೆಚ್ಚಾಗಿ ಗಮನ ಕೊಟ್ಟದ್ದು ಅಡಿಗೆಮನೆಯ ಶುಚಿಗೆ. ಪಾತ್ರೆ, ಲೋಟಗಳನ್ನು ಕುದಿಯುವ ನೀರಿನಲ್ಲಿ ತೊಳೆಸಿದರು. ಗಿರಾಕಿಗಳು ಅಡಿಗೆಮನೆಯನ್ನು ನೋಡಿಯೇ ಊಟಕ್ಕೆ ಕೂರಲಿ ಎಂದರು. ಅಡಿಗೆಮನೆಯನ್ನು ಅಷ್ಟು ಧೈರ್ಯದಿಂದ ತೆರೆದಿಟ್ಟವರ ನಾಡು ಇದು. ಇಲ್ಲಿ ಕಡೆಯುವ ಕಲ್ಲಿಗೆ ಹೂವು ಮುಡಿಸಿ ಒಲೆಯನ್ನು ಊರಾಚೆ ಕಳಿಸುವುದು ನಮಗೆ ಒಪ್ಪುವ ಮಾತಲ್ಲ.

ರೆಸ್ಟೋರೆಂಟಿನವರ ಕಷ್ಟವನ್ನೂ ಹೇಳಬೇಕು. ನಗರದ ನಡುವೆ ಬಾಡಿಗೆ ಹೆಚ್ಚು. ಪಳಗಿದ ಭಟ್ಟರು ಸಿಗುವುದಿಲ್ಲ, ಸಿಕ್ಕಿದವರು ಗಲ್ಫಿಗೆ ಹೋಗುತ್ತಾರೆ. ಒಂದೇ ಕಡೆ ಅಡಿಗೆ ಮಾಡಿ ನಾಲ್ಕು ಕಡೆ ಕಳಿಸಿದರೆ ಖರ್ಚು ಇಳಿಯುತ್ತದೆ. ಇದೆಲ್ಲ ನಿಜ. ಆದರೆ ಮಾಡಿನ ಹಂಚಿಗೆ, ತೂಗುಮಂಚಕ್ಕೆ, ದೀಪಗಳಿಗೆ ಹಾಕಿದ ಹಣದಲ್ಲಿ ಒಂದು ಪಾಲು ಇಬ್ಬರು ದೋಸೆ ಎರೆಯುವವರ ಸಂಬಳಕ್ಕೆ ಹೋಗಬಹುದಿತ್ತು. ದೋಸೆ ಎರೆಯುವ ಹೆಂಗಸರು ನಮ್ಮ ಊರಿನಲ್ಲಿ ಇಲ್ಲವೇ? ಪ್ರತಿ ಬೀದಿಯಲ್ಲೂ ಇದ್ದಾರೆ.

ಇನ್ನು ಬಿಲ್ಲು. ಐದು ಜನರ ಊಟ, ಜಿಎಸ್‌ಟಿ, ಅದರ ಮೇಲೆ ಶೇಕಡಾ ಹತ್ತು ಸೇವಾ ಶುಲ್ಕ. ಒಟ್ಟು ಐದು ಸಾವಿರ ದಾಟಿತು. ಜಿಎಸ್‌ಟಿ ಸರಕಾರದ್ದು, ಅದನ್ನು ಕೊಡಲೇಬೇಕು. ಸೇವಾ ಶುಲ್ಕ ಹಾಗಲ್ಲ. ಹೋಟೇಲಿನವರು ತಾವಾಗಿ ಅದನ್ನು ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೇಲಿನವರ ಸಂಘಗಳು ಅದನ್ನು ಪ್ರಶ್ನಿಸಿದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ನಾವು ಮ್ಯಾನೇಜರಿಗೆ ಇದನ್ನು ಹೇಳಿದೆವು. ಅವನು ವಾದ ಮಾಡದೆ ತೆಗೆದ. ಆ ಹಣದಲ್ಲಿ ಸ್ವಲ್ಪವನ್ನು ಭಾವ ಅಸ್ಸಾಮಿನ ಹುಡುಗನ ಕೈಯಲ್ಲೇ ಕೊಟ್ಟರು. ಇಷ್ಟವಾದರೆ ಕೊಡುವುದು ನಮ್ಮ ಕೈಯಲ್ಲಿರುವ ವಿಷಯ.

ಈವರೆಗೆ ತಿಂಡಿಯ ಹೊತ್ತು, ಮೀನಿನ ಕಾಲ, ಅಡಿಗೆಮನೆಯ ದೂರ, ಬಿಲ್ಲಿನ ಲೆಕ್ಕ, ಇಷ್ಟನ್ನು ಹೇಳಿದೆ. ಕೊನೆಯದಾಗಿ ನಿಮ್ಮಲ್ಲಿ ಒಂದು ವಿನಂತಿ.

ನಮ್ಮವರ ಒಂದು ಗುಣ, ಚೆನ್ನಾಗಿಲ್ಲದಿದ್ದರೆ ಸುಮ್ಮನೆ ಎದ್ದು ಬರುತ್ತೇವೆ. ಅಲ್ಲಿ ಮಾತಾಡುವುದಿಲ್ಲ, ಮನೆಗೆ ಬಂದ ಮೇಲೆ ವಾರವಿಡೀ ಮಾತಾಡುತ್ತೇವೆ. ದಯವಿಟ್ಟು ಅಲ್ಲೇ ಹೇಳಿ. ಗದರಿಸಬೇಡಿ, ಬಡಿಸುವ ಹುಡುಗರ ಮೇಲೆ ರೇಗಬೇಡಿ. ಮ್ಯಾನೇಜರನ್ನು ಕರೆದು, ದೋಸೆ ಎರೆದು ಎಷ್ಟು ಹೊತ್ತಾಯಿತು ಎಂದು ಕೇಳಿ. ಮೇಜು ಕಾದಿರಿಸಲು ಫೋನ್ ಮಾಡುವಾಗಲೇ, ನೀರುದೋಸೆ ನಮ್ಮ ಎದುರು ಎರೆದು ಕೊಡುತ್ತೀರಾ, ಅಡಿಗೆ ಅಲ್ಲೇ ಆಗುತ್ತದಾ ಎಂದು ಕೇಳಿ. ಹತ್ತು ಮನೆಯವರು ಹೀಗೆ ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಅಲ್ಲಿ ಒಂದು ಕಾವಲಿ ಬಂದಿರುತ್ತದೆ. ಬಿಲ್ಲಿನಲ್ಲಿ ನೀವು ಒಪ್ಪದ ಸೇವಾ ಶುಲ್ಕ ಕಂಡರೆ, ಹೇಳಿದ ಮೇಲೂ ತೆಗೆಯದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ನಂಬ್ರ 1915. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ಒಂಬತ್ತು, ಒಂದು, ಐದು.